ಎದುರಾಳಿಯಾಗಿ ಯಂತ್ರ: ಕತ್ತಿವರಸೆಯ ಅಭ್ಯಾಸವನ್ನು ಕುರಿತು ಒಂದು ವಿಮರ್ಶೆ

ಕತ್ತಿವರಸೆಯನ್ನು ಕಲಿಯುವವನಿಗೆ ಜೊತೆಗಾರನಾಗಿ ನಿಲ್ಲಬಲ್ಲ ಯಂತ್ರಪುರುಷನನ್ನು, ಅಂದರೆ ರೋಬಾಟನ್ನು, ನಿರ್ಮಿಸಬೇಕೆಂಬ ಯೋಚನೆ ತೀರ ಹೊಸದೆಂದು ತೋರಬಹುದು. ಆದರೆ ನಿರ್ಜೀವ ವಸ್ತುವನ್ನು ಎದುರಾಳಿಯ ಸ್ಥಾನದಲ್ಲಿ ನಿಲ್ಲಿಸುವ ಪದ್ಧತಿ ಬಹು ಪ್ರಾಚೀನವಾದುದು. ಆ ಪದ್ಧತಿ ಏನನ್ನು ಕಲಿಸಿತು, ಏನನ್ನು ಕಲಿಸಲಾರದೆ ಹೋಯಿತು ಎಂಬುದನ್ನು ವಿವೇಚಿಸದೆ ಹೊಸ ಯಂತ್ರದ ಗುಣದೋಷಗಳನ್ನು ನಿರ್ಣಯಿಸುವುದು ಸಾಧುವಲ್ಲ.

ರೋಮನ್ ಲೇಖಕ ವೆಜೀಷಿಯಸನು ತಿಳಿಸುವಂತೆ, ಹೊಸ ಯೋಧರು ಆರಡಿ ಎತ್ತರದ ಕಂಬವನ್ನು ಶತ್ರುವೆಂದೇ ಭಾವಿಸಿ, ಇಮ್ಮಡಿ ತೂಕದ ಮರದ ಕತ್ತಿಯಿಂದ ಹೊಡೆಯುತ್ತಿದ್ದರು. ಹೊಡೆಯುವಾಗ ತಮ್ಮ ಮೈಯನ್ನು ಪೆಟ್ಟಿಗೆ ತೆರೆದಿಡಬಾರದೆಂಬುದು ನಿಯಮ. ಕಂಬವಾದರೋ ತಿರುಗಿ ಹೊಡೆಯದು. ಆದುದರಿಂದ ಆ ತಪ್ಪನ್ನು ಗುರು ತೋರಿಸಿಕೊಡಬೇಕಲ್ಲದೆ ಕಂಬ ತೋರಿಸದು. ನಮ್ಮ ನಾಡಿನಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (1126–1138) 'ಮಾನಸೋಲ್ಲಾಸ'ವು ಮಲ್ಲರ ಸಾಧನೆಗಳಲ್ಲಿ ಸ್ತಂಭಶ್ರಮವನ್ನೂ ಎಣಿಸಿದೆ. ಇಲ್ಲಿಯೂ ಕಂಬದಿಂದ ಬಲವೂ ಹಿಡಿತವೂ ಲಭಿಸುವುವು. ಎದುರಾಳಿಯ ಮನಸ್ಸನ್ನು ಅರಿಯುವ ಬುದ್ಧಿ ಲಭಿಸದು. ಬಸರೀಕಟ್ಟೆಯ ಸುತ್ತಣ ತೋಟಗಳಲ್ಲಿ ಅಡಿಕೆ ಮರವೇರುವ ಕೊನೆಗೌಡನನ್ನು ನೋಡಿದವರಿಗೆ ಈ ಭೇದ ಸುಲಭವಾಗಿ ತಿಳಿಯುತ್ತದೆ. ನೆಟ್ಟ ಕಂಬ ಅಲುಗದು. ಮರವಾದರೋ ಏರಿದವನ ಭಾರಕ್ಕೆ ಬಾಗಿ, ಅವನ ಮುಂದಿನ ಹೆಜ್ಜೆಯನ್ನು ಪರೀಕ್ಷಿಸುತ್ತದೆ.

ಹನ್ನೊಂದನೆಯ ಶತಮಾನದ ಭೋಜರಾಜನ 'ಸಮರಾಂಗಣಸೂತ್ರಧಾರ'ದಲ್ಲಿ ಆಯುಧ ಹಿಡಿದು ಬಾಗಿಲು ಕಾಯುವ ದಾರುಪುರುಷರ ಪ್ರಸ್ತಾಪವಿದೆ. ಯಂತ್ರಗಳ ರಚನಾಕ್ರಮವನ್ನು ಗ್ರಂಥಕಾರನು ಗೋಪ್ಯವೆಂದು ಬಿಡಿಸಿ ಹೇಳಿಲ್ಲವಾದ್ದರಿಂದ, ಅವುಗಳಲ್ಲಿ ಇಂದಿನ ರೋಬಾಟನ್ನು ಕಾಣುವುದು ಪ್ರಮಾಣವನ್ನು ಮೀರಿದ ಮಾತು. ಅದಕ್ಕಿಂತ ಮುಖ್ಯವಾದ ಭೇದ ಇನ್ನೊಂದಿದೆ. ದ್ವಾರಪಾಲಕನ ಕೆಲಸ ಯಾರನ್ನೂ ಒಳಬಿಡದಿರುವುದು; ಗುರುವಿನ ಕೆಲಸ ಸಮಯವರಿತು ಒಳಬಿಡುವುದು. ಕತ್ತಿವರಸೆಯ ಗುರು ಬೇಕೆಂದೇ ತನ್ನ ರಕ್ಷಣೆಯನ್ನು ಒಂದೆಡೆ ಸಡಿಲಿಸುತ್ತಾನೆ. ಶಿಷ್ಯನು ಅದನ್ನು ಕಂಡು ನುಗ್ಗಿದರೆ ಪೆಟ್ಟನ್ನು ತಾನೇ ಸ್ವೀಕರಿಸುತ್ತಾನೆ. ಆತುರಪಟ್ಟರೆ ಮರುಪೆಟ್ಟು ಕೊಟ್ಟು ಎಚ್ಚರಿಸುತ್ತಾನೆ.

ಈ ಕ್ರೀಡೆಗೆ ಯಂತ್ರ ಅಪರಿಚಿತವೇನೂ ಅಲ್ಲ. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿಯೇ ಎಪೀ ಎಂಬ ಕತ್ತಿಯ ಸ್ಪರ್ಧೆಯಲ್ಲಿ ಪೆಟ್ಟು ತಗುಲಿದುದನ್ನು ವಿದ್ಯುತ್ ಉಪಕರಣ ಸೂಚಿಸಿತು. ಆದರೆ ನಿರ್ಣಾಯಕ ಯಂತ್ರದ ಕೆಲಸ ಪೆಟ್ಟಿನ ಅನಂತರ ಆರಂಭವಾಗುತ್ತದೆ. ಜೊತೆಗಾರ ಯಂತ್ರದ ಕೆಲಸವೆಲ್ಲ ಪೆಟ್ಟಿಗೆ ಮುಂಚೆ, ಇಬ್ಬರ ನಡುವಣ ಅಂತರ ಕುಗ್ಗಿ ಹಿಗ್ಗುವ ಕ್ಷಣಗಳಲ್ಲಿದೆ.

ಆದಕಾರಣ ಯಂತ್ರದ ವೇಗವನ್ನಾಗಲಿ, ಗುರಿಯ ನಿಖರತೆಯನ್ನಾಗಲಿ ಅದರ ಯೋಗ್ಯತೆಯ ಅಳತೆಗೋಲಾಗಿ ಹಿಡಿಯಲಾಗದು. ಒಂದೇ ಕ್ರಮದಲ್ಲಿ ಚಲಿಸುವ ಯಂತ್ರದೊಡನೆ ಸೆಣಸಿದ ವಿದ್ಯಾರ್ಥಿ ಯಂತ್ರವನ್ನು ಕಲಿತಾನೇ ಹೊರತು ವಿದ್ಯೆಯನ್ನು ಕಲಿಯನು. ಸದಾ ಗೆಲ್ಲುವ ಯಂತ್ರ ಬಾಗಿಲು ಕಾಯಲು ಯೋಗ್ಯವಾದೀತು. ಶಿಷ್ಯನ ಮಟ್ಟವನ್ನರಿತು, ತಕ್ಕ ಹೊತ್ತಿನಲ್ಲಿ ಸೋಲಬಲ್ಲ ಯಂತ್ರ ನಿರ್ಮಾಣವಾದ ದಿನ ಅದನ್ನು ಜೊತೆಗಾರನೆಂದು ಕರೆಯಲು ಅಡ್ಡಿಯಿಲ್ಲ. ಅಲ್ಲಿಯವರೆಗೆ ಅದು ಚಲಿಸುವ ಕಂಬವೇ ಸರಿ.