ಪಟ್ಟಿಯಲ್ಲಿಲ್ಲದ ಕ್ಲೋರಿನ್

2024ರ ನವೆಂಬರ್ 25ರಂದು ಹೇಗ್ ನಗರದಲ್ಲಿ ಇಂಡಿಯನ್ ಕೆಮಿಕಲ್ ಕೌನ್ಸಿಲ್‌ಗೆ ‘ಓಪಿಸಿಡಬ್ಲ್ಯೂ–ಹೇಗ್ ಪ್ರಶಸ್ತಿ’ ಸಂದಿತು. ರಾಸಾಯನಿಕ ಅಸ್ತ್ರಗಳ ನಿಷೇಧಕ್ಕೆ ದುಡಿಯುವ ಅಂತರರಾಷ್ಟ್ರೀಯ ಸಂಸ್ಥೆ ಓಪಿಸಿಡಬ್ಲ್ಯೂ ಈ ಗೌರವವನ್ನು ರಾಸಾಯನಿಕ ಉದ್ಯಮದ ಸಂಘವೊಂದಕ್ಕೆ ಕೊಟ್ಟದ್ದು ಅದೇ ಮೊದಲು. ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಮುಂತಾದವರು 1938ರಲ್ಲಿ ಕಟ್ಟಿದ ಈ ಕೌನ್ಸಿಲ್ ಮುಂಬಯಿಯ ಫೋರ್ಟ್‌ನಲ್ಲಿದೆ. ಅದರ ಜತೆಗಾರ, ದೆಹಲಿಯ ಸಂಪುಟ ಕಾರ್ಯಾಲಯದಡಿ ಈ ನಿಷೇಧವನ್ನು ಜಾರಿಗೊಳಿಸುವ ರಾಷ್ಟ್ರೀಯ ಪ್ರಾಧಿಕಾರ. ಮನ್ನಣೆ ಸಲ್ಲತಕ್ಕದ್ದೇ. ಆದರೆ ಈ ಜತೆಗಾರಿಕೆಯ ಬಲೆ ಎಷ್ಟು ಅಗಲ, ಎಲ್ಲಿ ಹರಿದಿದೆ ಎಂದು ನೋಡಲು ಮುಂಬಯಿಗಿಂತ ಒಳ್ಳೆಯ ಜಾಗವಿಲ್ಲ.

ಭಾರತ 1996ರಲ್ಲಿ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದವನ್ನು ಅನುಮೋದಿಸಿತು. ಮರುವರ್ಷ ತನ್ನಲ್ಲಿ 1,044 ಟನ್ ಸಾಸಿವೆ ಅನಿಲ ಇದೆಯೆಂದು ಒಪ್ಪಿಕೊಂಡು, 2009ರ ಮಾರ್ಚ್‌ನೊಳಗೆ ಅಷ್ಟನ್ನೂ ನಾಶಮಾಡಿತು. ಅಲ್ಬೇನಿಯಾ, ದಕ್ಷಿಣ ಕೊರಿಯಾಗಳ ಬಳಿಕ ಹಾಗೆ ಮಾಡಿ ಮುಗಿಸಿದ ಮೂರನೆಯ ದೇಶ ನಮ್ಮದು. ಇದ್ದ ದಾಸ್ತಾನನ್ನು ಸುಡುವುದು ಸರಕಾರದ ಕೈಯಲ್ಲಿದೆ. ಮತ್ತೆಂದೂ ಅದು ಹುಟ್ಟದಂತೆ ನೋಡಿಕೊಳ್ಳಬೇಕಾದರೆ ಕಾರ್ಖಾನೆಗಳು ಕೈಜೋಡಿಸಲೇಬೇಕು.

ಏಕೆಂದರೆ ಬಾಲ್‌ಪೆನ್ನಿನ ಶಾಯಿಗೆ, ಬಟ್ಟೆಯ ಬಣ್ಣಕ್ಕೆ ಬಳಸುವ ಥಯೋಡೈಗ್ಲೈಕಾಲ್ ಎಂಬ ದ್ರವಕ್ಕೂ ಸಾಸಿವೆ ಅನಿಲಕ್ಕೂ ನಡುವೆ ಇರುವುದು ಒಂದೇ ಹೆಜ್ಜೆ. ಶಾಂಪೂವಿನಲ್ಲಿರುವ ಟ್ರೈಎಥನಾಲಮೈನ್ ಕೂಡ, ನಿಗಾ ಬೇಕಾದ ರಾಸಾಯನಿಕಗಳನ್ನು ಹೆಸರಿಸುವ ಒಪ್ಪಂದದ ಮೂರು ಪಟ್ಟಿಗಳಲ್ಲಿ ಒಂದರಲ್ಲಿದೆ. 2000ದ ಕಾಯ್ದೆಯಂತೆ ಇಂಥ ಸರಕು ತಯಾರಿಸುವವರು, ನಿಗದಿತ ಪ್ರಮಾಣ ಮೀರಿದರೆ, ವರ್ಷವರ್ಷವೂ ಲೆಕ್ಕ ಒಪ್ಪಿಸಬೇಕು; ಮೂರನೆಯ ಪಟ್ಟಿಯ ರಾಸಾಯನಿಕಗಳಿಗೆ ಆ ಮಿತಿ 30 ಟನ್. ವಿದೇಶಿ ತಪಾಸಕರು ಬಂದರೆ ಗೇಟು ತೆರೆಯಬೇಕು. ವ್ಯಾಪಾರದ ಗುಟ್ಟು ಹೊರಬಿದ್ದೀತೆಂದು ಯಾವ ಮಾಲೀಕನಿಗೂ ಅಳುಕು ಹುಟ್ಟುವುದು ಸಹಜ. ಆ ಅಳುಕನ್ನು ಕಳೆದದ್ದು, ತರಬೇತಿ ಕೊಟ್ಟದ್ದು, ಲೆಕ್ಕವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಲು ನೆರವಾದದ್ದು ಕೌನ್ಸಿಲ್‌ನ ನಿಜವಾದ ಸಾಧನೆ. ಪೊಲೀಸರ ಲಾಠಿಯಿಂದ ಆಗದ ಕೆಲಸ ಇದು.

ಇನ್ನು, ಪಟ್ಟಿಯ ಆಚೆ ಏನಿದೆ ಎಂದು ನೋಡಲು ಮುಂಬಯಿಯ ಭಾಂಡುಪ್‌ಗೆ ಬರೋಣ. ಏಷ್ಯನ್ ಪೇಂಟ್ಸ್, ಸಿಯೆಟ್‌ನಂಥ ಕಾರ್ಖಾನೆಗಳ ಸುತ್ತ ಬೆಳೆದ ಉಪನಗರ ಇದು. ನಗರದ ಬಹುಪಾಲು ನೀರು ಕುಡಿಯಲು ಯೋಗ್ಯವಾಗುವುದು ಇಲ್ಲಿನ ಶುದ್ಧೀಕರಣ ಸಂಕೀರ್ಣದಲ್ಲಿ, ಕ್ಲೋರಿನ್ ಬಳಸಿ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್‌ನಲ್ಲಿ ಸೈನಿಕರ ಉಸಿರುಗಟ್ಟಿಸಿದ್ದು ಇದೇ ಕ್ಲೋರಿನ್. 2018ರಲ್ಲಿ ಸಿರಿಯಾದ ದೌಮಾದಲ್ಲಿ 43 ಮಂದಿಯನ್ನು ಕೊಂದದ್ದೂ ಇದೇ ಎಂದು ಓಪಿಸಿಡಬ್ಲ್ಯೂ ತನಿಖೆ 2023ರಲ್ಲಿ ಹೇಳಿತು. ಆದರೂ ಒಪ್ಪಂದದ ಮೂರು ಪಟ್ಟಿಗಳಲ್ಲಿ ಯಾವುದರಲ್ಲೂ ಕ್ಲೋರಿನ್ ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ, ಜಗತ್ತಿನ ಬಹುಪಾಲು ನಲ್ಲಿಗಳು ಅದನ್ನೇ ನಂಬಿವೆ. ಕೊಲ್ಲುವ ಉದ್ದೇಶಕ್ಕೆ ಬಳಸಿದಾಗ ಮಾತ್ರ ಅದು ಅಸ್ತ್ರ.

ಉದ್ದೇಶವನ್ನು ಯಾವ ಫಾರಂ ಹಿಡಿದೀತು? ಜತೆಗಾರಿಕೆಯ ದುರ್ಬಲ ಎಳೆ ಇಲ್ಲಿದೆ. 2010ರ ಜುಲೈ 14ರಂದು ಮುಂಬಯಿಯ ಶಿವಡಿಯ ಹಾಜಿ ಬಂದರಿನಲ್ಲಿ, ಆಮದು ಮಾಡಿಕೊಂಡವರು ಬಿಡಿಸಿಕೊಳ್ಳದೆ ವರ್ಷಗಟ್ಟಲೆ ಬಿದ್ದಿದ್ದ ಕ್ಲೋರಿನ್ ಸಿಲಿಂಡರುಗಳಲ್ಲಿ ಒಂದು ಸೋರಿ ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಅಲ್ಲಿ ಶತ್ರು ಇರಲಿಲ್ಲ, ಸಂಚೂ ಇರಲಿಲ್ಲ. ಆದರೆ ವಾರಸುದಾರರಿಲ್ಲದೆ ಬಂದರಿನಲ್ಲಿ ತುಕ್ಕು ಹಿಡಿಯುವ ವಿಷಾನಿಲ, ಕೆಡುಕು ಬಯಸುವವನ ಕೈಗೂ ಅಷ್ಟೇ ಸುಲಭವಾಗಿ ಸಿಕ್ಕೀತು. ಲೆಕ್ಕ ಒಪ್ಪಿಸುವ ಕಂಪನಿಗಳ ಮೇಲೆ ಎಷ್ಟು ಕಣ್ಣಿಟ್ಟರೂ ಇಂಥದ್ದು ಕಾಣುವುದಿಲ್ಲ.

ಕೌನ್ಸಿಲ್‌ನ ‘ನೈಸರ್ ಗ್ಲೋಬ್’ ಯೋಜನೆ ರಾಸಾಯನಿಕ ಹೊತ್ತ ಲಾರಿಗಳನ್ನು ದಾರಿಯುದ್ದಕ್ಕೂ ಗಮನಿಸುತ್ತದೆ. ಒಳ್ಳೆಯ ಕೆಲಸ. ಆದರೆ ಇಂಥದ್ದಕ್ಕೆ ತಾವಾಗಿ ಸೇರುವವರು ಮೊದಲೇ ಜಾಗರೂಕರು. ಹೊರಗೆ ಉಳಿಯುವವರು ಸಣ್ಣ ಘಟಕಗಳು, ಗೋದಾಮುಗಳು, ಎಲ್ಲಕ್ಕಿಂತ ಹೆಚ್ಚಾಗಿ ಮಧ್ಯವರ್ತಿಗಳು. ಇತಿಹಾಸ ಬೊಟ್ಟು ಮಾಡುವುದೂ ಅವರತ್ತಲೇ. ಸದ್ದಾಂ ಹುಸೇನನ ಇರಾಕಿಗೆ ಥಯೋಡೈಗ್ಲೈಕಾಲ್ ಒದಗಿಸಿ 2005ರಲ್ಲಿ ಜೈಲುಶಿಕ್ಷೆಗೆ ಗುರಿಯಾದ ಡಚ್ ಪ್ರಜೆ ಫ್ರಾನ್ಸ್ ಫಾನ್ ಆನ್ರಾಟ್‌ನಿಗೆ ಸ್ವಂತ ಕಾರ್ಖಾನೆ ಬೇಕಾಗಲಿಲ್ಲ. ಅವನು ಒಬ್ಬರಿಂದ ಕೊಂಡು ಇನ್ನೊಬ್ಬರಿಗೆ ಮಾರುವ ವ್ಯಾಪಾರಿ. 1992ರಲ್ಲಿ ಭಾರತದಿಂದಲೇ, ಅಸ್ತ್ರ ತಯಾರಿಕೆಗೂ ಬಳಸಬಹುದಾದ ಟ್ರೈಮೀಥೈಲ್ ಫಾಸ್ಫೈಟ್ ಸಿರಿಯಾಕ್ಕೆ ಹೋಗಿತ್ತು. ಆ ಬಳಿಕ ರಫ್ತು ನಿಯಮ ಬಿಗಿಯಾಗಿದೆ, 2018ರಲ್ಲಿ ಭಾರತ ಇಂಥ ರಫ್ತಿಗೆ ಕಡಿವಾಣ ಹಾಕುವ ದೇಶಗಳ ಕೂಟವಾದ ಆಸ್ಟ್ರೇಲಿಯಾ ಗ್ರೂಪ್ ಸೇರಿದೆ. ಗಡಿ ದಾಟುವ ಸರಕಿಗೆ ಕಾವಲಿದೆ. ದೇಶದೊಳಗೆ ಕೈಯಿಂದ ಕೈಗೆ ದಾಟುವ ಸರಕಿಗೆ ಅಷ್ಟಿಲ್ಲ.

ಭೋಪಾಲದ ದುರಂತದ ಪಾಠದಿಂದ ಹುಟ್ಟಿದ 1996ರ ನಿಯಮಗಳು ಪ್ರತಿ ಕೈಗಾರಿಕಾ ಪ್ರದೇಶಕ್ಕೂ ಒಂದು ಬಿಕ್ಕಟ್ಟು ನಿರ್ವಹಣಾ ಸಮಿತಿ ಇರಬೇಕೆನ್ನುತ್ತವೆ. ಅಪಘಾತ ತಡೆಯುವ ಆ ಸಮಿತಿಗಳಿಗೂ ಅಸ್ತ್ರ ತಡೆಯುವ ರಾಷ್ಟ್ರೀಯ ಪ್ರಾಧಿಕಾರಕ್ಕೂ ಕೊಂಡಿ ಬೆಸೆಯುವುದು ಕೌನ್ಸಿಲ್‌ನ ಮುಂದಿನ ಯೋಜನೆಯ ಮೊದಲ ಸಾಲಾಗಬೇಕು. ಎರಡನೆಯ ಸಾಲಿನಲ್ಲಿ ಮುಂಬಯಿಯ ಮಸೀದಿ ಬಂದರಿನ ವಡಗಾದಿಯ ಬಣ್ಣ–ರಾಸಾಯನಿಕ ವ್ಯಾಪಾರಿಗಳು ಬರಬೇಕು: ಪೀಪಾಯಿ ಮಾರುವಾಗ ಕೊಳ್ಳುವವನು ಯಾರು, ಯಾವ ಕೆಲಸಕ್ಕೆ ಎಂದು ಕೇಳಿ ಬರೆದಿಡುವ ತರಬೇತಿ ಅವರಿಗೂ ಸಿಗಬೇಕು, ದೊಡ್ಡ ಕಂಪನಿಗಳಿಗೆ ಸಿಕ್ಕಷ್ಟೇ ತಾಳ್ಮೆಯಿಂದ.