ಮುಂಗಾಲಿಗಷ್ಟೇ ಗೆಜ್ಜೆ

ಪುಸ್ತಕ ಬಂದರೆ ವಿಮರ್ಶೆ ಬರುತ್ತೆ. ಸಿನಿಮಾ ಬಂದರೆ ಶುಕ್ರವಾರ ಮಧ್ಯಾಹ್ನದೊಳಗೆ ಹತ್ತು ವಿಮರ್ಶೆ ಬರುತ್ತೆ. ಆದರೆ ನಮ್ಮಂಥವರು ನಿಜವಾಗಿ ದುಡ್ಡು ಸುರಿಯೋ ವಸ್ತುಗಳಿಗೆ ಬರೋದು ಬರೀ ‘ರಿವ್ಯೂ’. ಡಬ್ಬಿ ಬಿಚ್ಚೋದು, ಹೊಳೆಯೋ ಭಾಗವನ್ನ ಕ್ಯಾಮೆರಾಗೆ ಹಿಡಿಯೋದು, ಒಂದು ಗುಂಡಿ ಹಾರಿಸಿ ‘ಬೆಣ್ಣೆ ಥರ ಹೋಗ್ತಿದೆ ಗುರು’ ಅನ್ನೋದು. ಆ ವಸ್ತು ಏನು ಹೇಳಿಕೊಳ್ಳುತ್ತೆ, ಹೇಳಿದ್ದನ್ನ ಮಾಡುತ್ತಾ, ಯಾರ ಖರ್ಚಿನಲ್ಲಿ ಮಾಡುತ್ತೆ ಅಂತ ಕೇಳೋರು ಕಮ್ಮಿ. ಅದಕ್ಕೇ ಈ ಸಲ ಸ್ಪೋರ್ಟ್ ಎಟಿವಿಗೆ ಹಾಕಿಸೋ ಮುಂದಿನ ಸಸ್ಪೆನ್ಷನ್ ಕಿಟ್ಟನ್ನ ಒಂದು ಕೃತಿ ಅಂದುಕೊಂಡು ಓದೋಣ ಅಂತಿದೀನಿ.

ಓದೋ ಜಾಗ ನಮ್ಮ ಕೊಪ್ಪಳ ಜಿಲ್ಲೆ. ವೀಕೆಂಡಿಗೆ ಬರೋರು ‘ಹಂಪಿಯ ಆಚೆ ದಡ’ ಅಂತ ಕರೆಯೋ ಆನೆಗೊಂದಿ, ಸಾಣಾಪುರ ಎಲ್ಲ ಹಂಪಿಯಲ್ಲ, ಗಂಗಾವತಿ ತಾಲ್ಲೂಕು. ಬಂಡೆ, ಮರಳು, ಹಳ್ಳ, ಎರಿ ಹೊಲ ಎಲ್ಲವೂ ನಾಲ್ಕು ತಾಲ್ಲೂಕಿನೊಳಗೆ ಸಿಗೋದ್ರಿಂದ ಎಟಿವಿ ಕನಸು ಕಾಣೋರಿಗೆ ಇದು ಸ್ವರ್ಗದ ಥರ ಕಾಣುತ್ತೆ. ಕಾಣೋದಕ್ಕೂ ಇರೋದಕ್ಕೂ ಇರೋ ವ್ಯತ್ಯಾಸಾನೇ ಈ ಲೇಖನ.

ಮೊದಲು ಸ್ವಲ್ಪ ಚರಿತ್ರೆ. 1970ರಲ್ಲಿ ಹೋಂಡಾ ಕಂಪನಿ ಅಮೆರಿಕದಲ್ಲಿ ಮಾರೋಕೆ ಶುರು ಮಾಡಿದ ಮೂರು ಗಾಲಿಯ ಎಟಿಸಿಗೆ ಸಸ್ಪೆನ್ಷನ್ನೇ ಇರಲಿಲ್ಲ. ಬಲೂನಿನಂಥ ದಪ್ಪ ಟೈರು, ಅದರೊಳಗೆ ತೀರಾ ಕಮ್ಮಿ ಗಾಳಿ. ಟೈರೇ ಸ್ಪ್ರಿಂಗು. ನಮ್ಮ ಕಡೆಯವರಿಗೆ ಈ ಐಡಿಯಾ ಹೊಸದೇನಲ್ಲ. ಕಬ್ಬಿಣದ ಪಟ್ಟಿ ಬಡಿದ ಕಟ್ಟಿಗೆ ಗಾಲಿಯ ಚಕ್ಕಡಿ ಹೋಗಿ ಟೈರ್ ಬಂಡಿ ಬಂದಾಗ ಆಗಿದ್ದೂ ಇದೇ. ಅಚ್ಚಿಗೆ ಸ್ಪ್ರಿಂಗ್ ಇಲ್ಲ, ಇರೋ ಮೆತ್ತಗೆಲ್ಲ ಗಾಳಿಯದು. ಎತ್ತಿನ ವೇಗಕ್ಕೆ ಅಷ್ಟು ಸಾಕು.

ಎತ್ತಿನ ವೇಗ ದಾಟಿದ ಮೇಲೆ ಸಾಲಲ್ಲ. 1985ರಲ್ಲಿ ಸುಝುಕಿಯ ಕ್ವಾಡ್‌ರೇಸರ್ ಬಂತು, ಮರುವರ್ಷ ಹೋಂಡಾದ ಟಿಆರ್‌ಎಕ್ಸ್ 250ಆರ್, 1987ಕ್ಕೆ ಯಮಾಹಾದ ಬ್ಯಾನ್ಷಿ. ಮೂರು ಗಾಲಿಯವು ಉರುಳಿ ಉರುಳಿ ಜನ ಸತ್ತು, 1988ರಲ್ಲಿ ಅಮೆರಿಕದ ಸರ್ಕಾರ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ಅವುಗಳ ಮಾರಾಟ ನಿಲ್ಲಿಸ್ತು. ಉಳಿದದ್ದು ನಾಲ್ಕು ಗಾಲಿ, ಅವುಗಳ ಮುಂದೆ ಎರಡೂ ಕಡೆ ಬೇರೆ ಬೇರೆಯಾಗಿ ಆಡೋ ಎ-ಆರ್ಮುಗಳು. ಈಗಿನ ಯಮಾಹಾ ರಾಪ್ಟರ್ 700ಆರ್ ತಗೊಳ್ಳಿ. ಮುಂದಿನ ಗಾಲಿ 231 ಮಿಲಿಮೀಟರ್, ಹಿಂದಿನದು 256 ಮಿಲಿಮೀಟರ್ ಮೇಲೆ ಕೆಳಗೆ ಆಡುತ್ತೆ. ಫ್ಯಾಕ್ಟರಿಯಿಂದ ಬರುವಾಗಲೇ ಇಷ್ಟು. ಹಾಗಾದ್ರೆ ಅಪ್‌ಗ್ರೇಡ್ ಯಾತಕ್ಕೆ?

ಕಿಟ್ಟಿನ ವಾದ ಹೀಗಿದೆ. ಆರ್ಮನ್ನ ಒಂದೊಂದು ಕಡೆ ಎರಡು ಇಂಚು ಉದ್ದ ಮಾಡಿದರೆ ಗಾಡಿ ಅಗಲವಾಗುತ್ತೆ, ತಿರುವಿನಲ್ಲಿ ಮಗುಚೋ ಭಯ ಕಮ್ಮಿ. ಒಳ್ಳೆ ಶಾಕ್ ಹಾಕಿದರೆ ಸ್ಪ್ರಿಂಗು ಕುಗ್ಗೋ ವೇಗವನ್ನೂ ವಾಪಸ್ ಏಳೋ ವೇಗವನ್ನೂ ಬೇರೆ ಬೇರೆಯಾಗಿ ತಿರುಗಿಸಿ ಹೊಂದಿಸಬಹುದು. ಪಕ್ಕದಲ್ಲಿ ಪುಟ್ಟ ಸಿಲಿಂಡರಿನ ಥರ ಅಂಟಿಕೊಂಡಿರೋ ರಿಸರ್ವಾಯರಿನಲ್ಲಿ ಹೆಚ್ಚುವರಿ ಎಣ್ಣೆ ಮತ್ತು ಒತ್ತಿ ತುಂಬಿದ ನೈಟ್ರೋಜನ್ ಇರೋದ್ರಿಂದ ಎಣ್ಣೆ ಬೇಗ ಕಾಯಲ್ಲ, ನೊರೆ ಏಳಲ್ಲ. ಇದರಲ್ಲಿ ಒಂದೂ ಸುಳ್ಳಿಲ್ಲ. ಒಳ್ಳೆ ಶಾಕಿನ ಕೆಲಸ ನಿಜಕ್ಕೂ ಚೆಂದ. ಸಣ್ಣ ಕಲ್ಲಿಗೆ ಮೆತ್ತಗಿದ್ದು ದೊಡ್ಡ ಗುಂಡಿಗೆ ಗಟ್ಟಿಯಾಗೋ ಗುಣವನ್ನ ಬರೀ ಎಣ್ಣೆ, ತೂತು ಮತ್ತು ತೆಳು ತಗಡಿನ ಬಿಲ್ಲೆಗಳಿಂದ ಸಾಧಿಸೋದು ಅಂದ್ರೆ ಅದು ಎಂಜಿನಿಯರಿಂಗಿನ ಒಳ್ಳೆ ಪದ್ಯ. ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಇರೋದು ಅದನ್ನ ಬಿಡಿಬಿಡಿಯಾಗಿ ಮಾರೋ, ಬಿಡಿಬಿಡಿಯಾಗಿ ಕೊಳ್ಳೋ ರೀತಿಗೆ. ಎರಡು ಉದಾಹರಣೆ ಕೊಡ್ತೀನಿ.

ಒಂದು, ಆರ್ಮ್ ಮಾತ್ರ ಬದಲಿಸೋದು. ಹಳೇ ಶಾಕೇ ಇರಲಿ, ಉದ್ದ ಆರ್ಮ್ ಹಾಕೋಣ, ಅಗಲ ಕಾಣುತ್ತೆ ಅನ್ನೋ ಲೆಕ್ಕ. ಆರ್ಮ್ ಅಂದ್ರೆ ಸನ್ನೆಗೋಲು. ಗಾಲಿ ದೂರ ಹೋದಷ್ಟೂ ಅದೇ ಸ್ಪ್ರಿಂಗಿನ ಮೇಲೆ ಅದರ ಹಿಡಿತ ಜಾಸ್ತಿ. ಗಾಲಿ 10 ಇಂಚು ಎದ್ದಾಗ ಶಾಕು 6 ಇಂಚು ಕುಗ್ಗುತ್ತಿತ್ತು ಅಂದುಕೊಳ್ಳಿ, ಅನುಪಾತ 0.6. ಆರ್ಮ್ ಉದ್ದವಾಗಿ ಅದು 0.54ಕ್ಕೆ ಇಳೀತು ಅಂದುಕೊಳ್ಳಿ. ಗಾಲಿಯ ಹತ್ತಿರ ಸ್ಪ್ರಿಂಗಿನ ಬಲ ಲೆಕ್ಕ ಹಾಕೋದು ಈ ಸಂಖ್ಯೆಯ ವರ್ಗದಿಂದ. 0.36 ಇದ್ದದ್ದು 0.29 ಆಯ್ತು. ಅಂದ್ರೆ ನೀವು ದುಡ್ಡು ಕೊಟ್ಟು ನಿಮ್ಮ ಸ್ಪ್ರಿಂಗನ್ನ ಹೆಚ್ಚುಕಮ್ಮಿ ಐದನೇ ಒಂದು ಭಾಗ ಮೆತ್ತಗೆ ಮಾಡಿಸಿಕೊಂಡ್ರಿ. ಸಣ್ಣ ಜಂಪಿಗೂ ಗಾಡಿ ಹೊಟ್ಟೆ ನೆಲಕ್ಕೆ ಬಡಿಯುತ್ತೆ. ಟೈ ರಾಡ್ ಕೂಡ ಉದ್ದ ಆಗಬೇಕು, ಇಲ್ಲದಿದ್ರೆ ಗಾಲಿಗಳು ನೇರ ನಿಲ್ಲಲ್ಲ. ರಾಡಿನ ಎತ್ತರ ಮತ್ತು ಕೋನ ಆರ್ಮಿನ ಜೊತೆ ಹೊಂದದಿದ್ರೆ ಪ್ರತಿ ಗುಂಡಿಗೂ ಹ್ಯಾಂಡಲ್ ತಾನೇ ತಿರುಗುತ್ತೆ. ಬ್ರೇಕಿನ ಹೋಸ್ ಉದ್ದ ಆಗದಿದ್ರೆ ಗಾಲಿ ಪೂರ್ತಿ ಇಳಿದಾಗ ಎಳೆದುಕೊಳ್ಳುತ್ತೆ. ಕಿಟ್ಟಿನ ಫೋಟೋದಲ್ಲಿ ಆ ಹೋಸು ಎಲ್ಲೋ ಮೂಲೆಯಲ್ಲಿರುತ್ತೆ. ಜೀವ ನಿಂತಿರೋದು ಅದರ ಮೇಲೆ.

ಎರಡು, ಪ್ರೀಲೋಡ್. ಸ್ಪ್ರಿಂಗಿನ ಮೇಲಿನ ರಿಂಗ್ ತಿರುವಿ ‘ಸಸ್ಪೆನ್ಷನ್ ಟೈಟ್ ಮಾಡಿಸ್ದೆ’ ಅನ್ನೋರನ್ನ ನೋಡಿರ್ತೀರಿ. ಮಾಮೂಲಿ ಸ್ಪ್ರಿಂಗನ್ನ ಹಾಗೆ ತಿರುವಿದ್ರೆ ಅದು ಗಟ್ಟಿಯಾಗಲ್ಲ, ಗಾಡಿ ಎತ್ತರ ನಿಲ್ಲುತ್ತೆ ಅಷ್ಟೆ. ಎತ್ತರ ನಿಂತರೆ ಭಾರದ ಕೇಂದ್ರವೂ ಮೇಲಕ್ಕೆ. ಅಗಲ ಮಾಡಿ ಗಳಿಸಿದ್ದನ್ನ ಎತ್ತರ ಮಾಡಿ ಕಳೆದುಕೊಂಡ ಹಾಗೆ. ಸರಿಯಾದ ಕ್ರಮ ಅಂದ್ರೆ ಸವಾರ ಪೂರ್ತಿ ಗೇರ್ ಹಾಕಿಕೊಂಡು ಕೂತಾಗ ಗಾಡಿ ಎಷ್ಟು ತಗ್ಗುತ್ತೆ ಅಂತ ಟೇಪ್ ಹಿಡಿದು ಅಳೆಯೋದು. ಒಟ್ಟು ಆಟದ ಸುಮಾರು ಮೂರನೇ ಒಂದು ಭಾಗ ತಗ್ಗಬೇಕು ಅನ್ನೋದು ಎಲ್ಲರೂ ಶುರು ಮಾಡೋ ಲೆಕ್ಕ. 231ಕ್ಕೆ 77 ಮಿಲಿಮೀಟರ್. ಅದು ಬರದಿದ್ರೆ ರಿಂಗ್ ತಿರುವೋದಲ್ಲ, ಸ್ಪ್ರಿಂಗೇ ಬದಲಿಸಬೇಕು. ಒಳ್ಳೆ ಶಾಕ್ ಕಟ್ಟೋರು ಆರ್ಡರ್ ತಗೊಳ್ಳೋ ಮೊದಲು ನಿಮ್ಮ ತೂಕ, ಆರ್ಮಿನ ಉದ್ದ, ಎಂಥ ನೆಲದಲ್ಲಿ ಓಡಿಸ್ತೀರಿ ಅಂತ ಕೇಳೋದು ಅದಕ್ಕೇ. 90 ಕೆಜಿ ಅಮೆರಿಕನ್ನನಿಗೆ ಕಟ್ಟಿದ್ದನ್ನ ಸೆಕೆಂಡ್ ಹ್ಯಾಂಡಿನಲ್ಲಿ ತರಿಸಿ 60 ಕೆಜಿಯವ ಕೂತರೆ, ಅವನಿಗೆ ಸಿಗೋದು ದುಬಾರಿ ಕಲ್ಲುಬೆಂಚು.

ಇನ್ನು ಹಿಂಬದಿ. ಸ್ಪೋರ್ಟ್ ಎಟಿವಿಯ ಹಿಂದೆ ಇರೋದು ಒಂದೇ ಗಟ್ಟಿ ಅಚ್ಚು, ಒಂದೇ ಶಾಕು. ಎರಡೂ ಗಾಲಿ ಒಟ್ಟಿಗೇ ತಿರುಗುತ್ತವೆ. ಮುಂದಿನದನ್ನ ಮಾತ್ರ ರೇಷ್ಮೆ ಮಾಡಿ ಹಿಂದಿನದನ್ನ ಹಾಗೇ ಬಿಟ್ಟರೆ, ಮುಂದಿನ ಗಾಲಿ ಸದ್ದಿಲ್ಲದೆ ದಾಟಿದ ದಿಬ್ಬಕ್ಕೆ ಹಿಂದಿನದು ಒದೆಯೋ ಎತ್ತಿನ ಥರ ಸವಾರನನ್ನ ಮುಂದಕ್ಕೆ ಎಸೆಯುತ್ತೆ. ಎಲ್ಲರೂ ಮುಂದಿನದನ್ನೇ ಯಾಕೆ ಮಾಡಿಸ್ತಾರೆ? ಕಾಣೋದು ಅದು. ಬಣ್ಣದ ಸ್ಪ್ರಿಂಗು, ಚಿನ್ನದ ಬಣ್ಣದ ರಿಸರ್ವಾಯರು. ಮುಂಗಾಲಿಗಷ್ಟೇ ಗೆಜ್ಜೆ ಕಟ್ಟಿ ಕುಣಿಸಿದ ಹಾಗೆ.

ಈಗ ನೆಲಕ್ಕೆ ಬರೋಣ. ‘ಆಲ್ ಟೆರೇನ್’ ಅಂತ ಹೆಸರಲ್ಲೇ ಇದೆ, ಎಲ್ಲ ನೆಲಕ್ಕೂ ಅಂತ. ಯಾವ ‘ಎಲ್ಲ’?

ಯಲಬುರ್ಗಾದ ಎರಿ ಹೊಲ ತಗೊಳ್ಳಿ. ಮಳೆ ಬಿದ್ದ ಮರುದಿನ ಆ ಮಣ್ಣು ಗಾಲಿಗೆ ಹತ್ತಿಕೊಂಡು ಗಾಲಿಯೇ ಒಂದು ಉಂಡೆಯಾಗುತ್ತೆ. ಸಸ್ಪೆನ್ಷನ್ ಚೆನ್ನಾಗಿ ಕೆಲಸ ಮಾಡೋಕೆ ಗಾಲಿ ಹಗುರ ಇರಬೇಕು. ಇಲ್ಲಿ ಅದು ಒಂದೊಂದು ಸುತ್ತಿಗೂ ಭಾರ ಆಗ್ತಾ ಹೋಗುತ್ತೆ. ಯಾವ ಶಾಕಿನ ಯಾವ ಸ್ಕ್ರೂ ತಿರುವಿದ್ರೂ ಇದಕ್ಕೆ ಮದ್ದಿಲ್ಲ. ಬೇಸಿಗೆಯಲ್ಲಿ ಅದೇ ಹೊಲ ಬಿರುಕು ಬಿಟ್ಟು ಕಲ್ಲಾಗುತ್ತೆ. ಕೊಪ್ಪಳದ ಸುತ್ತಲಿನ ಗುಡ್ಡಗಳದ್ದು ಬಂಡೆಯ ವ್ಯಾಕರಣ. ಅಲ್ಲಿ ಬೇಕಾದದ್ದು ನಿಧಾನ, ಅಗಲ ಗಾಡಿ ಎರಡು ಬಂಡೆ ನಡುವೆ ನುಗ್ಗೋದೇ ಇಲ್ಲ. ಕುಷ್ಟಗಿ ಕಡೆ ಒಣ ಹಳ್ಳದ ಮರಳು ಮತ್ತು ಗರಸಿನ ರಸ್ತೆ. ಗರಸಿನ ಮೇಲೆ ಏಳೋ ಅಲೆಅಲೆ ಏಣುಗಳಲ್ಲಿ ಗಾಲಿ ಒಂದೇ ಸಮ ಬಡಿದು ಶಾಕಿನ ಎಣ್ಣೆ ಕಾಯುತ್ತೆ. ಒಳ್ಳೆ ಶಾಕ್ ನಿಜವಾಗಿ ಬೆಲೆ ತೀರಿಸೋದು ಇಲ್ಲಿ ಮಾತ್ರ. ಗಂಗಾವತಿಗೆ ಬಂದರೆ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ, ಕೇಜ್ ವೀಲಿನ ಟ್ರ್ಯಾಕ್ಟರ್‌ಗಳು ಕೆತ್ತಿದ ದಾರಿ. ಗದ್ದೆಯ ಬದು ಎಟಿವಿಗೆ ಜಂಪು, ರೈತನಿಗೆ ನೀರು ನಿಲ್ಲಿಸೋ ಗೋಡೆ.

ಅಂದಹಾಗೆ ಇದೇ ನೆಲದಲ್ಲಿ ವರ್ಷವಿಡೀ ಓಡೋ ಟ್ರ್ಯಾಕ್ಟರಿನ ಮುಂದಿನ ಅಚ್ಚಿಗೆ ಸಾಮಾನ್ಯವಾಗಿ ಸ್ಪ್ರಿಂಗೇ ಇರಲ್ಲ. ನಡುವೆ ಒಂದು ಪಿನ್ನು. ಎಡಗಾಲಿ ಎದ್ದರೆ ಬಲಗಾಲಿ ಇಳಿಯುತ್ತೆ, ನಾಲ್ಕೂ ಗಾಲಿ ನೆಲ ಬಿಡಲ್ಲ. ಸ್ಪ್ರಿಂಗ್ ಇರೋದು ಡ್ರೈವರ್ ಸೀಟಿನ ಕೆಳಗೆ. ನಿಧಾನ ಹೋಗ್ತೀನಿ ಅಂತ ಒಪ್ಪಿಕೊಂಡ ಯಂತ್ರದ ವಿನ್ಯಾಸ ಅದು. ಎಟಿವಿ ಕಿಟ್ಟು ಒಪ್ಪಿಕೊಳ್ಳದೇ ಇರೋದು ಇದನ್ನೇ.

ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ನೆಲ ಒರಟಾಗಿದ್ದಾಗ ಸವಾರನ ವೇಗಕ್ಕೆ ಕಡಿವಾಣ ಹಾಕೋದು ಅವನ ಮೈಕೈ ನೋವು. ಸಸ್ಪೆನ್ಷನ್ ಆ ನೋವು ತೆಗೆಯುತ್ತೆ, ವೇಗ ಏರುತ್ತೆ. ನೋವು ಕಮ್ಮಿಯಾದದ್ದು ಸವಾರನಿಗೆ, ನೆಲಕ್ಕಲ್ಲ. ಗಾಲಿ ತಿರುಗಿ ಕಿತ್ತ ಮಣ್ಣು, ಒಡೆದ ಬದು, ಬೆದರಿದ ಕುರಿ ಹಿಂಡು, ಇವಕ್ಕೆ ಯಾವ ಕಂಪನಿಯೂ ಶಾಕ್ ಮಾಡಿಲ್ಲ. ಖಾಲಿ ಬಯಲು ಅಂತ ಸಿಟಿ ಕಣ್ಣಿಗೆ ಕಾಣೋದು ಯಾವತ್ತೂ ಖಾಲಿಯಲ್ಲ. ಬೀಳು ಬಿಟ್ಟ ಹೊಲಕ್ಕೂ ಪಹಣಿಯಲ್ಲಿ ಒಂದು ಹೆಸರಿದೆ. ಗಂಗಾವತಿ ತಾಲ್ಲೂಕಿನ ಬಂಕಾಪುರದ ಕುರುಚಲು ಗುಡ್ಡ ತೋಳಗಳ ಮನೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ತುಂಗಭದ್ರಾ ನದಿಪಾತ್ರ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಹಿರೇಬೆಣಕಲ್ಲಿನ ಮೊರ್ಯರ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ಶಿಲಾಸಮಾಧಿಗಳು ನಿಂತಿವೆ, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದವು. ತೆಳು ಚಪ್ಪಡಿಗಳನ್ನ ಗಾರೆಯಿಲ್ಲದೆ ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮನೆಗಳು ಅವು.

ಮೋಜಿಗೂ ನೆಲಕ್ಕೂ ಜಗಳ ಆದಾಗ ಏನಾಗುತ್ತೆ ಅಂತ ಈ ದಡ ಒಮ್ಮೆ ನೋಡಿದೆ. ‘ಹಿಪ್ಪಿ ಐಲ್ಯಾಂಡ್’ ಅಂತ ಹೆಸರಾಗಿದ್ದ ವಿರುಪಾಪುರಗಡ್ಡಿಯ ಅನಧಿಕೃತ ರೆಸಾರ್ಟುಗಳ ವಿರುದ್ಧದ ಹೈಕೋರ್ಟ್ ಆದೇಶವನ್ನ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡೀತು, ಮಾರ್ಚಿನಲ್ಲಿ ಜೆಸಿಬಿ ಬಂತು. ಕಟ್ಟಿದವರು ಕಳೆದುಕೊಂಡರು, ಅಲ್ಲಿ ಪಾತ್ರೆ ತೊಳೆದು, ದೋಸೆ ಹುಯ್ದು ಬದುಕಿದ್ದವರೂ ಕಳೆದುಕೊಂಡರು. ಬಂದು ಹೋದವರು ಇನ್ನೊಂದು ಜಾಗ ಹುಡುಕಿಕೊಂಡರು.

ಕಾನೂನಿನ ಮಾತೂ ಹೇಳಿಬಿಡ್ತೀನಿ. ಇಂಥ ಸ್ಪೋರ್ಟ್ ಎಟಿವಿಗೆ ನಮ್ಮಲ್ಲಿ ರಸ್ತೆಗಿಳಿಯೋಕೆ ನಂಬರ್ ಪ್ಲೇಟ್ ಸಿಗಲ್ಲ. ರಸ್ತೆಯ ಗಾಡಿಗೆ ಇದೇ ಹುಚ್ಚು ಹಿಡಿಸೋಣ ಅಂದ್ರೆ, ಕಂಪನಿ ಕೊಟ್ಟ ಮೂಲ ವಿನ್ಯಾಸಕ್ಕೆ ವ್ಯತ್ಯಾಸವಾಗೋ ಮಾರ್ಪಾಡು ಸಲ್ಲದು ಅಂತ 2019ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಎಟಿವಿಗೆ ಉಳಿದಿರೋದು ಖಾಸಗಿ ಜಮೀನು, ಅದೂ ಕೇಳಿಕೊಂಡು. ಅದೇ ರಸ್ತೆಯಲ್ಲಿ ಹತ್ತಿ ಬಿಡಿಸೋಕೆ ಹೋಗೋ 15 ಹೆಣ್ಮಕ್ಕಳು ಒಂದು ಟಂಟಂನಲ್ಲಿ ತುಂಬಿಕೊಂಡು ಹೋಗ್ತಿರ್ತಾರೆ. ಮುಂದೆ ಒಂದೇ ಗಾಲಿ, ಅದಕ್ಕೊಂದು ಸಣ್ಣ ಸ್ಪ್ರಿಂಗು. ನಮ್ಮ ಜಿಲ್ಲೆಯಲ್ಲಿ ಮುಂದಿನ ಸಸ್ಪೆನ್ಷನ್ ಬಗ್ಗೆ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ವಾಹನ ಅದು. ಅದಕ್ಕೆ ಅಪ್‌ಗ್ರೇಡ್ ಕಿಟ್ಟೂ ಇಲ್ಲ, ರಿವ್ಯೂ ಮಾಡೋ ಚಾನೆಲ್ಲೂ ಇಲ್ಲ.

ಹಾಗಾದ್ರೆ ಕಿಟ್ ಹಾಕಿಸಲೇಬಾರದಾ? ನಿಮ್ಮದೇ ಜಮೀನು ಅಥವಾ ಟ್ರ್ಯಾಕ್ ಇದ್ದು, ರೇಸಿಗೇ ಇಳಿಯೋದಿದ್ರೆ, ಆರ್ಮ್, ಶಾಕ್, ಟೈ ರಾಡ್, ಹೋಸ್ ಎಲ್ಲ ಒಟ್ಟಿಗೆ, ಹಿಂದಿನ ಅಚ್ಚಿನ ಅಗಲದ ಸಮೇತ ಮಾಡಿಸಿ. ಅದು ಒಂದು ಪೂರ್ತಿ ವಾಕ್ಯ. ಬರೀ ಮುಂದಿನದು ಅರ್ಧ ವಾಕ್ಯ. ಕಸ್ಟಮ್ಸ್ ಎಲ್ಲ ಸೇರಿದರೆ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ದುಡ್ಡು ಹೋಗುತ್ತೆ. ಆಮೇಲೆ ಸೀಲ್ ಸೋರಿದಾಗ ನೈಟ್ರೋಜನ್ ತುಂಬಿಸೋದೆಲ್ಲಿ ಅಂತ ಮೊದಲೇ ವಿಚಾರಿಸಿಕೊಳ್ಳಿ. ಟೈರ್ ಅಂಗಡಿಯ ನೈಟ್ರೋಜನ್ 30-40 ಪಿಎಸ್‌ಐ ಲೆಕ್ಕದ್ದು, ಶಾಕಿಗೆ ಅದರ ಎಷ್ಟೋ ಪಟ್ಟು ಒತ್ತಡ ಬೇಕು.

ಮಿಕ್ಕ ಎಲ್ಲರಿಗೂ ನನ್ನ ಸಲಹೆ ಅಗ್ಗದ್ದು. ಸ್ಪೋರ್ಟ್ ಎಟಿವಿ ಟೈರಿಗೆ ಬೇಕಾದ ಗಾಳಿ ಸುಮಾರು 4-5 ಪಿಎಸ್‌ಐ. ಪೆಟ್ರೋಲ್ ಬಂಕಿನ ಗೇಜು ಅಷ್ಟು ಕೆಳಗೆ ಸರಿಯಾಗಿ ಓದಲ್ಲ, ಹಾಗಾಗಿ ಎಷ್ಟೋ ಗಾಡಿಗಳು ಕಲ್ಲಿನಂಥ ಟೈರಿನಲ್ಲಿ ಓಡಿ ‘ಸಸ್ಪೆನ್ಷನ್ ಸರಿಯಿಲ್ಲ’ ಅನ್ನಿಸಿಕೊಳ್ಳುತ್ತವೆ. ಕಮ್ಮಿ ಒತ್ತಡ ಓದೋ ಒಂದು ಗೇಜ್ ಕೊಳ್ಳಿ. ಟೇಪ್ ಹಿಡಿದು ತಗ್ಗು ಅಳೆಯಿರಿ. ಆರ್ಮಿನ ಬುಷ್ ಸವೆದಿದ್ರೆ ಬದಲಿಸಿ. ಇಷ್ಟು ಮಾಡಿ ಒಂದು ತಿಂಗಳು ಓಡಿಸಿದ ಮೇಲೂ ಕಿಟ್ ಬೇಕು ಅನ್ನಿಸಿದ್ರೆ ಆಗ ಆರ್ಡರ್ ಮಾಡಿ. ಫಾರ್ಮಿನಲ್ಲಿ ‘ಎಂಥ ನೆಲ’ ಅನ್ನೋ ಕಾಲಂ ಇರುತ್ತೆ. ಅದನ್ನ ತುಂಬೋ ಮೊದಲು ಆ ನೆಲ ಯಾರದು ಅಂತಾನೂ ಕೇಳಿಕೊಳ್ಳಿ.