ವ್ಯಾಟ್ ಆಮೇಲೆ, ಮೊದಲು ವೋಲ್ಟ್ ನೋಡಿ

ಸೋಲಾರ್ ಅಂಗಡಿಗೆ ಹೋದವರು ಮೊದಲು ಕೇಳುವುದು ಪ್ಯಾನೆಲ್ ಎಷ್ಟು ವ್ಯಾಟಿನದ್ದು ಎಂದು, ಆಮೇಲೆ ಬ್ಯಾಟರಿ ಎಷ್ಟು ಎಎಚ್ ಎಂದು. ಇವೆರಡರ ನಡುವೆ ಗೋಡೆಗೆ ಕೂರಿಸುವ ಚಾರ್ಜ್ ಕಂಟ್ರೋಲರಿನ ಮಾತು ಬರುವುದು ಬಿಲ್ ಹಾಕುವ ಹೊತ್ತಿಗೆ. ‘ಯಾವುದಾದರೂ ಒಂದು ಕೊಡಿ’ ಎಂದು ಮುಗಿಸಿಬಿಡುತ್ತಾರೆ. ಪ್ಯಾನೆಲ್ಲಿಗೆ ಸುರಿದ ದುಡ್ಡಿನಲ್ಲಿ ಎಷ್ಟು ಪಾಲು ಬ್ಯಾಟರಿಗೆ ಇಳಿಯುತ್ತದೆ ಎಂಬುದು ತೀರ್ಮಾನವಾಗುವುದು ಆ ಡಬ್ಬಿಯಲ್ಲೇ.

12 ವೋಲ್ಟ್ ಬ್ಯಾಟರಿ ಎನ್ನುವುದು ಬರೀ ಹೆಸರು. ಲೆಡ್-ಆಸಿಡ್ ಬ್ಯಾಟರಿ ತುಂಬಿ ಸುಮ್ಮನಿದ್ದಾಗ 12.7 ವೋಲ್ಟ್ ತೋರಿಸುತ್ತದೆ. ಪೂರ್ತಿ ತುಂಬಿಸಬೇಕಾದರೆ 14.4ರ ಹತ್ತಿರ ಒತ್ತಡ ಕೊಡಬೇಕು. ಒಂದು ಸಿಲಿಕಾನ್ ಸೆಲ್ ಕೆಲಸ ಮಾಡುವಾಗ ಕೊಡುವುದು ಅರ್ಧ ವೋಲ್ಟ್. 36 ಸೆಲ್ ಸಾಲಾಗಿ ಜೋಡಿಸಿದರೆ 18 ವೋಲ್ಟ್. 14.4 ಸಾಕಾಗುವಲ್ಲಿ 18 ಏಕೆ? ಬಿಸಿಲಿಗೆ ಕಾದ ಸೆಲ್‌ನ ವೋಲ್ಟ್ ಇಳಿಯುತ್ತದೆ, ವೈರಿನಲ್ಲೂ ಸ್ವಲ್ಪ ಸೋರುತ್ತದೆ. ಆ ಇಳಿತವನ್ನು ಮೊದಲೇ ಲೆಕ್ಕ ಹಾಕಿ ಕಟ್ಟಿದ ಸಂಖ್ಯೆ 36. ಕಂಟ್ರೋಲರೇ ಬೇಡವೆಂದು 30ರಿಂದ 33 ಸೆಲ್‌ಗಳ ಪ್ಯಾನೆಲ್‌ಗಳೂ ಒಂದು ಕಾಲಕ್ಕೆ ಬಂದಿದ್ದವು. ಬಿಸಿಲ ನಾಡಿನಲ್ಲಿ ಅವುಗಳ ವೋಲ್ಟ್ ಎಷ್ಟು ಇಳಿಯುತ್ತಿತ್ತೆಂದರೆ, ಬ್ಯಾಟರಿ ತುಂಬುತ್ತಲೇ ಇರಲಿಲ್ಲ.

1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಬೆಂಗಳೂರಿನಲ್ಲಿ ಸೆಲ್ಕೋ ಶುರುಮಾಡಿದ ಕಾಲದಲ್ಲಿ ಮಲೆನಾಡು, ಕರಾವಳಿಯ ಒಂಟಿ ಮನೆಗಳಿಗೆ ಬಂದ ಸೋಲಾರ್ ದೀಪಗಳದ್ದು ಇಂಥ ಜೋಡಿಯೇ: 12 ವೋಲ್ಟಿನ ಪ್ಯಾನೆಲ್, 12 ವೋಲ್ಟಿನ ಬ್ಯಾಟರಿ, ನಡುವೆ ಸರಳ ಕಂಟ್ರೋಲರ್. ಇಂದಿನ ಪಿಡಬ್ಲ್ಯೂಎಂ ಕಂಟ್ರೋಲರ್ ಕೂಡ ಅದೇ ಮನೆತನದ್ದು. ಅದು ಪ್ಯಾನೆಲ್ಲನ್ನು ನೇರವಾಗಿ ಬ್ಯಾಟರಿಗೆ ಜೋಡಿಸುತ್ತದೆ. ಬ್ಯಾಟರಿ ತುಂಬುತ್ತ ಬಂದಂತೆ ಆ ಜೋಡಣೆಯನ್ನು ಬೇಗಬೇಗ ಬಿಡಿಸಿ ಕೂಡಿಸಿ ಕರೆಂಟ್ ತಗ್ಗಿಸುತ್ತದೆ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದ ಹಾಗೆ. ಪ್ಯಾನೆಲ್ ಬ್ಯಾಟರಿಯ ವೋಲ್ಟಿಗೇ ಹೆಜ್ಜೆ ಹಾಕಬೇಕು.

ಜೋಡಿ ಸರಿಯಿದ್ದಾಗ ಇದರಿಂದ ತೊಂದರೆಯಿಲ್ಲ. ತೊಂದರೆ ಬಂದದ್ದು ದೊಡ್ಡ ಪ್ಯಾನೆಲ್‌ಗಳು ಅಗ್ಗವಾದ ಮೇಲೆ. ಗ್ರಿಡ್‌ಗೆಂದು ಮಾಡಿದ 72 ಸೆಲ್‌ನ 335 ವ್ಯಾಟ್ ಪ್ಯಾನೆಲ್ ತೆಗೆದುಕೊಳ್ಳಿ. ಅದು ದುಡಿಯುವುದು 38 ವೋಲ್ಟಿನಲ್ಲಿ, 8.8 ಆಂಪಿಯರಿನಲ್ಲಿ. ಪಿಡಬ್ಲ್ಯೂಎಂ ಮೂಲಕ 13 ವೋಲ್ಟಿನಲ್ಲಿರುವ ಬ್ಯಾಟರಿಗೆ ಕಟ್ಟಿದರೆ ಆಂಪಿಯರ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ವೋಲ್ಟ್ ಮಾತ್ರ 13ಕ್ಕೆ ಕುಸಿಯುತ್ತದೆ. ಗುಣಿಸಿ ನೋಡಿ: ಸುಮಾರು 115 ವ್ಯಾಟ್. ಮೂರರಲ್ಲಿ ಎರಡು ಪಾಲು ಬಿಸಿಲು ಚಾವಣಿಯ ಮೇಲೇ ಉಳಿಯಿತು.

ಎಂಪಿಪಿಟಿ ಕಂಟ್ರೋಲರ್ ಇರುವುದು ಇದಕ್ಕೇ. ಅದು ಪ್ಯಾನೆಲ್ಲನ್ನು ಅದರದೇ 38 ವೋಲ್ಟಿನಲ್ಲಿ ದುಡಿಯಲು ಬಿಡುತ್ತದೆ. ಬಂದ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಮಾಡಿ, ತಾಮ್ರದ ಸುರುಳಿಯ ಮೂಲಕ ಹಾಯಿಸಿ, ವೋಲ್ಟ್ ಇಳಿಸಿ ಆಂಪಿಯರ್ ಏರಿಸುತ್ತದೆ. ನಡುವೆ ಐದು ಪರ್ಸೆಂಟ್ ಹೋಯಿತೆಂದರೂ ಅದೇ ಪ್ಯಾನೆಲ್ಲಿನಿಂದ ಬ್ಯಾಟರಿಗೆ 24 ಆಂಪಿಯರ್ ಸೇರುತ್ತದೆ. ಮೋಡ ಸರಿದು ಬಿಸಿಲು ಬಿದ್ದಾಗ ಇದರ ಡಿಸ್‌ಪ್ಲೇ ನೋಡುವುದು ನನಗೆ ಬಲು ಇಷ್ಟ. ಕಂಟ್ರೋಲರ್ ಪ್ಯಾನೆಲ್ಲಿನ ವೋಲ್ಟನ್ನು ಚೂರು ಏರಿಸುತ್ತದೆ. ವ್ಯಾಟ್ ಹೆಚ್ಚಿತೋ, ಅದೇ ದಿಕ್ಕಿಗೆ ಇನ್ನೊಂದು ಹೆಜ್ಜೆ. ಕಡಿಮೆಯಾಯಿತೋ, ಹಿಂದಕ್ಕೆ. ಹೀಗೆ ತಡಕಾಡುತ್ತಲೇ ಆ ಕ್ಷಣದ ಬಿಸಿಲಿಗೆ ಸರಿಹೊಂದುವ ಜಾಗ ಹಿಡಿಯುತ್ತದೆ.

ಹಾಗೆಂದು ಎಲ್ಲರಿಗೂ ಎಂಪಿಪಿಟಿ ಬೇಕಿಲ್ಲ. ಏಪ್ರಿಲ್ ಮಧ್ಯಾಹ್ನ ರಾಯಚೂರಿನ ಚಾವಣಿಯಲ್ಲಿ ಪ್ಯಾನೆಲ್ 65 ಡಿಗ್ರಿ ಕಾದಿದ್ದರೆ 36 ಸೆಲ್‌ನ 18 ವೋಲ್ಟ್ ಹದಿನೈದರ ಆಸುಪಾಸಿಗೆ ಇಳಿದಿರುತ್ತದೆ. ತುಂಬುತ್ತಿರುವ ಬ್ಯಾಟರಿ 14ರ ಮೇಲಿರುತ್ತದೆ. ಉಳಿಸಲು ಅಲ್ಲಿ ಏನೂ ಇಲ್ಲ. 100 ವ್ಯಾಟಿನೊಳಗಿನ 12 ವೋಲ್ಟ್ ಪ್ಯಾನೆಲ್ ಇಟ್ಟುಕೊಂಡು ನಾಲ್ಕು ದೀಪ ಉರಿಸುವವರು ಒಳ್ಳೆಯ ಪಿಡಬ್ಲ್ಯೂಎಂ ಕೊಂಡು, ಉಳಿದ ಹಣವನ್ನು ಬ್ಯಾಟರಿಗೆ ಹಾಕುವುದೇ ಜಾಣತನ.

ಎಂಪಿಪಿಟಿ ಕೊಳ್ಳುವವರು ಅದರ ವೋಲ್ಟ್ ಮಿತಿಯನ್ನು ಮರೆಯಬಾರದು. 72 ಸೆಲ್‌ನ ಪ್ಯಾನೆಲ್ ಲೋಡ್ ಇಲ್ಲದಾಗ 46 ವೋಲ್ಟ್ ತೋರಿಸುತ್ತದೆ. ಎರಡನ್ನು ಸೀರೀಸ್‌ನಲ್ಲಿ ಕಟ್ಟಿದರೆ 92. ಚಳಿಗೆ ವೋಲ್ಟ್ ಏರುತ್ತದೆ, 25 ಡಿಗ್ರಿಗಿಂತ ತಗ್ಗಿದ ಒಂದೊಂದು ಡಿಗ್ರಿಗೂ ಸುಮಾರು 0.3 ಪರ್ಸೆಂಟ್. ಮಡಿಕೇರಿಯ 10 ಡಿಗ್ರಿ ಮುಂಜಾವಿಗೆ ಅದು 96 ಆದರೂ 100 ವೋಲ್ಟಿನ ಕಂಟ್ರೋಲರ್ ಬದುಕುತ್ತದೆ. ಅದೇ ಜೋಡಿಯನ್ನು ಲೇಹ್‌ಗೆ ಒಯ್ದು ಮೈನಸ್ 20ರಲ್ಲಿ ಇಟ್ಟರೆ 104, ಕಂಟ್ರೋಲರ್ ಸುಡಬಹುದು.

ಎಂಪಿಪಿಟಿ ಎಂಬ ಸ್ಟಿಕ್ಕರ್ ಅಂಟಿಸಿಕೊಂಡ ಪಿಡಬ್ಲ್ಯೂಎಂ ಡಬ್ಬಿಗಳೂ ಮಾರುಕಟ್ಟೆಯಲ್ಲಿವೆ. ಹಿಡಿಯುವುದು ಸುಲಭ. ಒಳ್ಳೆಯ ಬಿಸಿಲಿನಲ್ಲಿ, ಬ್ಯಾಟರಿ ಅರ್ಧ ಖಾಲಿಯಿದ್ದಾಗ, ಕಂಟ್ರೋಲರಿಗೆ 72 ಸೆಲ್ ಪ್ಯಾನೆಲ್ಲಿನ ವೈರ್ ಸೇರುವ ಸ್ಕ್ರೂಗಳಿಗೆ ಮಲ್ಟಿಮೀಟರ್ ಮುಟ್ಟಿಸಿ. 35ರ ಹತ್ತಿರ ತೋರಿಸಿದರೆ ಅದು ನಿಜವಾದ ಎಂಪಿಪಿಟಿ. ಬ್ಯಾಟರಿಯ 13ಕ್ಕೇ ಅಂಟಿಕೊಂಡಿದ್ದರೆ ಹೆಚ್ಚಿಗೆ ಕೊಟ್ಟ ಹಣ ವಾಪಸ್ ಕೇಳಿ.

ಆದ್ದರಿಂದ ಕೊಳ್ಳುವ ಮೊದಲು ಪ್ಯಾನೆಲ್ಲನ್ನು ತಿರುಗಿಸಿ, ಹಿಂದಿನ ಲೇಬಲ್ ಓದಿ. ಲೋಡ್ ಇಲ್ಲದಾಗಿನ ವೋಲ್ಟ್, ದುಡಿಯುವಾಗಿನ ವೋಲ್ಟ್, ಆಂಪಿಯರ್ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಕಂಟ್ರೋಲರಿನ ಪೆಟ್ಟಿಗೆ ಪಕ್ಕ ಹಿಡಿಯಿರಿ. ಮನೆಗೆ ತಂದ ಮೇಲೆ ಬ್ಯಾಟರಿಯ ವೈರ್ ಮೊದಲು, ಪ್ಯಾನೆಲ್ಲಿನದು ಆಮೇಲೆ. ಬಿಚ್ಚುವಾಗ ಪ್ಯಾನೆಲ್ ಮೊದಲು. ಈ ಶಿಸ್ತಿಗೆ ಹತ್ತು ನಿಮಿಷ ಸಾಕು. ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳುವ ವಸ್ತು. ಅಷ್ಟು ವರ್ಷದ ಬಿಸಿಲಿನ ಲಾಭನಷ್ಟ ಆ ಹತ್ತು ನಿಮಿಷದಲ್ಲಿದೆ.